ಹದ್ದಿನ ಹಿಂದೆ ಹೋಗುವ ಓದು
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಮುಂದೆ ಏನು ಓದಬಹುದು ಅಂತ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದರು ಮೇಷ್ಟ್ರು. ಡಾಕ್ಟರು, ಇಂಜಿನಿಯರು ಓದಿನ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಪಶುವೈದ್ಯ. ಹದ್ದುಗಳ ವಿಷಯ ಹೇಳುತ್ತೇನೆ, ನಗಬೇಡಿ.

ದನ ಸತ್ತರೆ ಊರಾಚೆ ಎಳೆದು ಹಾಕುತ್ತಿದ್ದ ಕಾಲವೊಂದಿತ್ತು. ರಣಹದ್ದುಗಳು ಇಳಿದು ಮೂಳೆ ಮಾತ್ರ ಉಳಿಸುತ್ತಿದ್ದವು. 1990ರ ದಶಕದಲ್ಲಿ ದೇಶದ ಉದ್ದಗಲಕ್ಕೂ ಅವು ಸಾಯತೊಡಗಿದವು. ಕೆಲವು ಜಾತಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಹೋದವು. ರೋಗ ಎಂದರು, ಕ್ರಿಮಿನಾಶಕ ಎಂದರು. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ಪರೀಕ್ಷಿಸಿದ ತಂಡವೊಂದು 2004ರಲ್ಲಿ ಕಾರಣ ಪ್ರಕಟಿಸಿತು. ಕಾರಣ ನಮ್ಮ ಕೊಟ್ಟಿಗೆಯಲ್ಲೇ ಇತ್ತು: ದನಕ್ಕೆ ನೋವಿಗೆ ಹಾಕುವ ಡೈಕ್ಲೊಫಿನಾಕ್ ಇಂಜೆಕ್ಷನ್. ಮದ್ದು ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದರೆ ಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಅದನ್ನು ಬಳಸದಂತೆ ನಿಷೇಧಿಸಿತು. ಬದಲಿಗೆ ಮೆಲೋಕ್ಸಿಕ್ಯಾಮ್ ಕೊಟ್ಟರೆ ಹದ್ದಿಗೆ ಅಪಾಯವಿಲ್ಲ ಎಂದು ತೋರಿಸಿದ್ದೂ ಸಂಶೋಧಕರೇ. ಕೀಟೊಪ್ರೊಫೆನ್, ಅಸಿಕ್ಲೊಫಿನಾಕ್ ನಿಷೇಧವಾಗಲು 2023 ಬರಬೇಕಾಯಿತು. ಮನುಷ್ಯರ ಡೈಕ್ಲೊ ಔಷಧಿ ತಂದು ಹಸುವಿಗೆ ಹಾಕಿಸುವವರು ಇಲ್ಲಿ ಕೂತಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ.

ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹಾಗಾಗಿ ಹೋದದ್ದು ಬೇಗ ತುಂಬುವುದಿಲ್ಲ. ರಾಮನಗರದ ರಾಮದೇವರ ಬೆಟ್ಟ, ನಿಮಗೆಲ್ಲ ‘ಶೋಲೆ’ ಬೆಟ್ಟ, 2012ರಲ್ಲಿ ರಣಹದ್ದು ಧಾಮವಾಯಿತು. ಅಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಅವು ಎಲ್ಲಿ ಮೇಯುತ್ತವೆ, ಮರಿ ಏಕೆ ಉಳಿಯುತ್ತಿಲ್ಲ ಎಂದು ಕೂತು ನೋಡುವವರು ಬೇಕು.

ಅಷ್ಟು ದೂರ ಏಕೆ, ನಮ್ಮ ಪಕ್ಕದ ಹೆಸರಘಟ್ಟದ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು ಬರುತ್ತವೆ. ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ ರಾತ್ರಿ ಕಳೆಯುತ್ತವೆ. ಅವು ಉಗುಳಿದ ಉಂಡೆಗಳನ್ನು ಬಿಡಿಸಿ ಎಷ್ಟು ಮಿಡತೆ, ಎಷ್ಟು ಇಲಿ ತಿಂದಿವೆ ಎಂದು ಲೆಕ್ಕ ಹಾಕುವುದೂ ಪಿಎಚ್.ಡಿ. ಕೆಲಸವೇ! ಹುಲ್ಲುಗಾವಲನ್ನು ಬರೀ ಬೀಳು ಎಂದು ಸೈಟು ಮಾಡಿದರೆ ಇವುಗಳಿಗೆ ಮಲಗಲು ಜಾಗವಿಲ್ಲ.

ಇದನ್ನು ಓದಲು ಅಮೆರಿಕಕ್ಕೇ ಹೋಗಬೇಕಿಲ್ಲ. ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ವಿಜ್ಞಾನದ ಎರಡು ವರ್ಷದ ಎಂ.ಎಸ್ಸಿ. ಇದೆ. ಜಕ್ಕೂರಿನ ಏಟ್ರೀ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಬಹುದು. ಎರಡೂ ಕಡೆಗೆ ಯಲಹಂಕ ದಾಟಿದರಾಯಿತು. ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದಲೂ ದಾರಿಯಿದೆ. ಸತ್ತ ಹದ್ದನ್ನು ಕೊಯ್ದು ಕಾರಣ ಹೇಳಲು ನಮ್ಮಂಥವರೇ ಬೇಕಲ್ಲ.

ಹೊಟ್ಟೆಪಾಡೇನು ಎಂದು ಅಮ್ಮಂದಿರು ಕೇಳುತ್ತಾರೆ, ಕೇಳಲೇಬೇಕು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಆಮೇಲಿನ ಕಾಯಂ ಕೆಲಸಗಳು ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ. ಈಗಿನಿಂದಲೇ ದಿನಕ್ಕೊಂದು ಪುಟ ಓದಿ. ಆದರೆ ಹುಲ್ಲಿನಲ್ಲಿ ಹೆಜ್ಜೆ ಗುರುತಿಸುವುದು, ದನಗಾಹಿಯ ಜೊತೆ ಕೂತು ಮಾತಾಡುವುದು ನಿಮಗೆ ಆಗಲೇ ಬರುತ್ತದೆ. ಪೇಟೆಯ ಮಕ್ಕಳು ಅದಕ್ಕೇ ಒದ್ದಾಡುತ್ತಾರೆ.

ಡಿಸೆಂಬರಿನಲ್ಲಿ ಒಂದು ಭಾನುವಾರ ಸಂಜೆ ಹೆಸರಘಟ್ಟಕ್ಕೆ ಹೋಗೋಣ. ದುರ್ಬೀನು ನಾನು ತರುತ್ತೇನೆ. ಬರುವವರು ವಿಜ್ಞಾನದ ಮೇಡಂ ಹತ್ತಿರ ಹೆಸರು ಬರೆಸಿ.