ಕುಡಿತ ಬಿಡಿಸುವ ಮೊದಲ ವಾರ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ಗೆಳೆಯರೇ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಕೇರಿಗಳಿಂದ ಬಂದ ನಮಗೆ ಕುಡಿತ ಏನಂತ ಯಾರೂ ಪಾಠ ಹೇಳಬೇಕಾಗಿಲ್ಲ. 1981ರಲ್ಲಿ ಬೆಂಗಳೂರಲ್ಲಿ ವಿಷಮದ್ಯ 300ಕ್ಕೂ ಹೆಚ್ಚು ಜನರನ್ನು ನುಂಗಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ.

ನಾವೋ ಅಪ್ಪನ ಕೈಲಿ ಆಣೆ ಹಾಕಿಸ್ತೀವಿ, ಕೋಣೆಗೆ ಕೂಡಿ ಬೀಗ ಜಡೀತೀವಿ. ಇದು ಅಪಾಯ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ ಮೊದಲ ದಿನವೇ ಕೈ ನಡುಗುತ್ತೆ, ಬೆವರು ಕೀಳುತ್ತೆ, ನಿದ್ದೆ ಹತ್ತಲ್ಲ. ಎರಡು ದಿನದೊಳಗೆ ಫಿಟ್ಸು ಬರಬಹುದು. ಎರಡು-ಮೂರನೇ ದಿನ ಇಲ್ಲದ ಹುಳಹುಪ್ಪಟೆ ಕಂಡು ಕೂಗಾಡಬಹುದು. ಜನ ಗಾಳಿ ಮೆಟ್ಕೊಂಡಿದೆ ಅಂತಾರೆ. ಮದ್ಯಕ್ಕೆ ಒಗ್ಗಿದ ಮಿದುಳು ಅದಿಲ್ಲದೆ ಕೆರಳಿರುತ್ತೆ, ಅಷ್ಟೆ. ಮಂತ್ರ ಹಾಕಿಸ್ತಾ ಕೂತರೆ ಜೀವವೇ ಹೋದೀತು.

ಆಸ್ಪತ್ರೆಯಲ್ಲಿ ಮಿದುಳನ್ನು ಶಾಂತಗೊಳಿಸುವ ಮಾತ್ರೆ ಕೊಟ್ಟು ದಿನದಿನಕ್ಕೂ ಇಳಿಸ್ತಾ ಬರ್ತಾರೆ; ಥಯಮಿನ್, ಅಂದರೆ ಬಿ1 ವಿಟಮಿನ್, ಸೂಜಿಯಲ್ಲಿ ಕೊಡ್ತಾರೆ. ಸಾಮಾನ್ಯವಾಗಿ ವಾರದ ಹೊತ್ತಿಗೆ ಮೈ ಹತೋಟಿಗೆ ಬರುತ್ತೆ. ಅದು ಹೊಸಿಲು ಮಾತ್ರ. ದಾರಿ ಇನ್ನೂ ಉದ್ದ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗವಿದೆ.

ಬಯ್ಯೋರು ಊರ ತುಂಬ ಇದ್ದಾರೆ. ನಾಲ್ಕಕ್ಷರ ಕಲಿತ ನಾವು ಅಪ್ಪನ ಕೈ ಹಿಡಿದು ಬಸ್ಸು ಹತ್ತಿಸೋಣ.