ನಮ್ಮ ನಲ್ಲಿಯ ಕಾವೇರಿ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಮನೆಯಲ್ಲಿ ನೀರಿನ ಮಿತಬಳಕೆಯ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಸೂಚಿಸಿದ್ದಾರೆ. ಚೆನ್ನೈನಲ್ಲಿ ನೆಲೆಸಿರುವ ಕನ್ನಡಿಗರ ಎದುರು ಈ ವಿಷಯವನ್ನು ಎತ್ತಿಕೊಂಡಾಗ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುವುದು ಲೇಸು: ಈ ನಗರದ ನಲ್ಲಿಗಳಲ್ಲಿ ಬರುವ ನೀರಿನ ಒಂದು ಪಾಲು ಕಾವೇರಿಯದು. ಸುಮಾರು 230 ಕಿಲೋಮೀಟರ್ ದೂರದ, ಚೋಳರ ಕಾಲದ ವೀರಾಣಂ ಕೆರೆಗೆ ಕೊಳ್ಳಿಡಂನ ಕೆಳ ಅಣೆಕಟ್ಟಿನಿಂದ ಕಾವೇರಿ ಹರಿದುಬರುತ್ತದೆ. 2004ರಿಂದ ಅಲ್ಲಿಂದ ಕೊಳವೆಗಳ ಮೂಲಕ ಇಲ್ಲಿಗೆ ಬರುತ್ತಿದೆ. 1996ರಿಂದ ಬರುತ್ತಿರುವ ಕೃಷ್ಣೆಯ ನೀರಿಗೂ ನಮ್ಮ ನಾಡಿನ ನಂಟುಂಟು. 1976ರಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಮೂರೂ ತಮ್ಮ ಪಾಲಿನಿಂದ ತಲಾ 5 ಟಿ.ಎಂ.ಸಿ. ಬಿಟ್ಟುಕೊಡಲು ಒಪ್ಪಿದುದರ ಫಲ ಅದು.

ಕಾವೇರಿಯ ವಿವಾದ ಭುಗಿಲೆದ್ದಾಗಲೆಲ್ಲ ನಮ್ಮ ಸ್ಥಿತಿ ಎಂಥದೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಮಂಡ್ಯದ ಬಂಧುಗಳು ದೂರವಾಣಿಯಲ್ಲಿ ಒಂದು ಕೇಳುತ್ತಾರೆ, ಎದುರುಮನೆಯವರು ಮತ್ತೊಂದು ಕೇಳುತ್ತಾರೆ. 1991ರ ಡಿಸೆಂಬರನ್ನು ಕಂಡ ಹಿರಿಯರು ಈ ಸಭೆಯಲ್ಲಿದ್ದಾರೆ. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲಿಗೆ 14.75 ಟಿ.ಎಂ.ಸಿ. ಹೆಚ್ಚಿಸಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆಂದೇ. ನ್ಯಾಯ ಯಾರ ಕಡೆಗೆಂಬ ಚರ್ಚೆ ಇಂದು ಬೇಡ. ಎರಡೂ ರಾಜ್ಯಗಳ ರೈತರು ಟಿ.ಎಂ.ಸಿ.ಯ ದಶಾಂಶಗಳಿಗೆ ಬಡಿದಾಡುತ್ತಿರುವಾಗ, ಎರಡೂ ಕಡೆಯ ನಗರವಾಸಿಗಳು ಆ ನೀರನ್ನು ಹೇಗೆ ಸುರಿಯುತ್ತಿದ್ದಾರೆಂದು ಯಾರೂ ಕೇಳುವುದಿಲ್ಲ.

2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಜಲಾಶಯಗಳು ಬಹುಮಟ್ಟಿಗೆ ಬತ್ತಿಹೋದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ ಮೊದಲ ನೀರಿನ ರೈಲು ಬಂದಿತು: 50 ವ್ಯಾಗನ್ನುಗಳಲ್ಲಿ 25 ಲಕ್ಷ ಲೀಟರು. ಅದೂ ಕಾವೇರಿಯ ನೀರೇ! ಆ ದಿನಗಳಲ್ಲಿ ಒಂದು ಕೊಡ ನೀರಿಗೆ ಸಾಲಿನಲ್ಲಿ ನಿಂತವರಿಗೆ ಯಾವ ಉಪದೇಶವೂ ಬೇಕಾಗಿರಲಿಲ್ಲ. ಮಳೆ ಬಂದೊಡನೆ ಎಲ್ಲವೂ ಮರೆತುಹೋಯಿತು.

ಇನ್ನು ಮನೆಯೊಳಗಿನ ಮಾತು. ಚೆನ್ನೈನಲ್ಲಿ ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆ ಬೀಳುತ್ತದೆ. 100 ಚದರ ಮೀಟರಿನ ತಾರಸಿಯ ಮೇಲೆ ಹೀಗೆ 1,40,000 ಲೀಟರು ಬಿದ್ದಂತಾಯಿತು. ಐದರಲ್ಲೊಂದು ಪಾಲು ನಷ್ಟವಾದರೂ 1,12,000 ಲೀಟರು ಉಳಿಯುತ್ತದೆ. ಬಹುಮಹಡಿ ಕಟ್ಟಡದಲ್ಲಿ ತಾರಸಿ ಹಲವು ಮನೆಗಳಿಗೆ ಹಂಚಿಹೋಗುತ್ತದೆ, ನಿಜ. ಆದರೂ ಅಷ್ಟೂ ನೀರನ್ನು ಚರಂಡಿಗೆ ಬಿಡಲು ಅದು ಕಾರಣವಾಗದು. ಮಳೆನೀರಿನ ಸಂಗ್ರಹವನ್ನು ತಮಿಳುನಾಡು 2003ರಲ್ಲೇ ಎಲ್ಲ ಕಟ್ಟಡಗಳಿಗೂ ಕಡ್ಡಾಯಗೊಳಿಸಿತು. ಬೆಂಗಳೂರಿನಲ್ಲಿ ಅಂಥ ನಿಯಮ ಬಂದದ್ದು 2009ರಲ್ಲಿ. ಈ ವಿಷಯದಲ್ಲಿ ನಮ್ಮ ನೆರೆಯವರೇ ಮುಂದಿದ್ದರೆಂದು ಒಪ್ಪುವುದರಿಂದ ಕನ್ನಡಾಭಿಮಾನಕ್ಕೆ ಕುಂದಿಲ್ಲ. ಆದರೆ ಅನೇಕ ಕಟ್ಟಡಗಳಲ್ಲಿ ಕೊಳವೆಯುಂಟು, ಗುಂಡಿಯುಂಟು. ಗುಂಡಿಯ ತುಂಬ ಹೂಳೂ ಉಂಟು. ಮರಳು, ಜಲ್ಲಿಗಳನ್ನು ತೆಗೆದು ತೊಳೆದು ಮತ್ತೆ ತುಂಬಲು ಇಬ್ಬರು ಆಳುಗಳಿಗೆ ಒಂದು ದಿನದ ಕೆಲಸ. ಹಳೆಯ ಬಾವಿಯಿದ್ದರೆ ಶೋಧಿಸಿದ ನೀರನ್ನು ಅದಕ್ಕೇ ಬಿಡಿ. ಕಡಲಂಚಿನ ಬಡಾವಣೆಗಳಲ್ಲಿ ಉಪ್ಪುನೀರು ಒಳನುಗ್ಗದಂತೆ ತಡೆಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಸ್ನಾನದ ಷವರಿನಿಂದ ನಿಮಿಷಕ್ಕೆ ಹತ್ತು ಲೀಟರಿನಷ್ಟು ಹರಿಯುತ್ತದೆ. ನಮ್ಮ ಅಜ್ಜಿಯರ ಕಾಲದ ಹಂಡೆ-ಚೊಂಬಿನ ಸ್ನಾನಕ್ಕೆ ಒಂದೂವರೆ ಬಕೆಟ್ಟು ಧಾರಾಳವಾಯಿತು. ಶೌಚಾಲಯದ ಹಳೆಯ ತೊಟ್ಟಿಯಲ್ಲಿ ಮರಳು ತುಂಬಿದ ಮುಚ್ಚಿದ ಶೀಷೆಯೊಂದನ್ನು ಇಟ್ಟರೆ ಪ್ರತಿ ಬಾರಿಯೂ ಒಂದು ಲೀಟರು ಉಳಿಯುತ್ತದೆ. ನೀರು ಶುದ್ಧೀಕರಿಸುವ ಆರ್.ಓ. ಯಂತ್ರ ಒಂದು ಲೀಟರು ಕೊಡುವಾಗ ಸಾಮಾನ್ಯವಾಗಿ ಎರಡು ಮೂರು ಲೀಟರು ಹೊರಚೆಲ್ಲುತ್ತದೆ. ಅದು ನೆಲ ಒರೆಸಲು, ಶೌಚಾಲಯಕ್ಕೆ ಸಾಕು. ಗಿಡಗಳಿಗೆ ಮಾತ್ರ ಬೇಡ, ಅದರಲ್ಲಿ ಲವಣ ಹೆಚ್ಚು. ಅಕ್ಕಿ, ಬೇಳೆ ತೊಳೆದ ನೀರು ಗಿಡಗಳಿಗೆ ಹಿತ. ಬಚ್ಚಲಿನ ನೀರಿಗೆ ಬಾಳೆ, ಕಾಬಾಳೆ ನೆಡುವುದು ನಮ್ಮ ಹಿತ್ತಲುಗಳ ಹಳೆಯ ಪದ್ಧತಿಯೇ.

ಸಮುದ್ರದ ನೀರನ್ನು ಸಿಹಿಮಾಡುವ ಸ್ಥಾವರಗಳು ಬಂದಿವೆಯಲ್ಲ ಎಂದು ಕೆಲವರು ಕೇಳುತ್ತಾರೆ. ಮಿಂಜೂರಿನದು 2010ರಲ್ಲಿ, ನೆಮ್ಮೇಲಿಯದು 2013ರಲ್ಲಿ ಆರಂಭವಾದವು. ಸಾವಿರ ಲೀಟರಿಗೆ ಮೂರು ನಾಲ್ಕು ಯೂನಿಟ್ ವಿದ್ಯುತ್ತನ್ನು ನುಂಗುವ ಆ ನೀರನ್ನೂ ನಾವು ಅಂಗಳ ತೊಳೆಯಲು ಬಳಸುತ್ತಿದ್ದೇವೆ.

ಸಂಘದ ಮುಂದೆ ನನ್ನದೊಂದು ಸಲಹೆಯಿದೆ. ರಾಜ್ಯೋತ್ಸವದ ಸಿದ್ಧತೆಗೆಂದು ನಾವು ಅಕ್ಟೋಬರಿನಲ್ಲಿ ಸೇರುತ್ತೇವೆ. ಈಶಾನ್ಯ ಮಾರುತ ಆಗಮಿಸುವುದೂ ಆಗಲೇ. ಅದಕ್ಕೆ ಮುನ್ನ, ಸೆಪ್ಟೆಂಬರಿನ ಎರಡು ಭಾನುವಾರಗಳಂದು ತರುಣ ಸದಸ್ಯರು ನಾಲ್ಕೈದು ಮಂದಿಯ ತಂಡಗಳಾಗಿ ಸದಸ್ಯರ ಮನೆಗಳಿಗೆ ಹೋಗಿ ತಾರಸಿಯ ಕೊಳವೆ, ಇಂಗುಗುಂಡಿಗಳನ್ನು ಪರೀಕ್ಷಿಸಲಿ. ತಮಿಳು ನೆರೆಯವರನ್ನೂ ಜೊತೆಗೆ ಕರೆಯಲಿ. ಹೆಸರು ಕೊಡುವವರಿಗಾಗಿ ಒಂದು ಪುಸ್ತಕವನ್ನು ಬಾಗಿಲ ಬಳಿ ಇರಿಸಿದ್ದೇನೆ.