ಕೂಸಿನ್ನ ಯಾರ ಬಲ್ಲಿ ಬಿಡ್ಲಿ?

ಕೊಂಕಲ್ ಮತ್ತು ಸುತ್ತಲಿನ ಹಳ್ಳಿಗಳಿಂದ, ಶಹಾಪುರ-ಸುರಪುರದ ಕಡೆಯಿಂದ ಮಕ್ಕಳನ್ನು ಬಗಲಲ್ಲಿ ಎತ್ತಿಕೊಂಡು ಬಂದಿರುವ ತಾಯಂದಿರೇ, ಹಿಂದಿನ ಸಾಲಿನಲ್ಲಿ ಸಂಕೋಚದಿಂದ ನಿಂತಿರುವ ತಂದೆಯರೇ, ಮೊಮ್ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿರುವ ಅಜ್ಜಿಯರೇ,

ನಾನು ಮಾತಾಡುವಾಗ ಯಾವುದಾದರೂ ಮಗು ಕೂಗಿದರೆ, ಎದ್ದು ಓಡಾಡಿದರೆ, ಮೈಕಿಗೆ ಕೈ ಹಾಕಿದರೆ ಯಾರೂ ಗಾಬರಿಯಾಗಬೇಡಿ. ಅದನ್ನು ಎತ್ತಿಕೊಂಡು ಹೊರಗೆ ಹೋಗಲೂಬೇಡಿ. ಮದುವೆಯಿಂದ, ಜಾತ್ರೆಯಿಂದ, ಭಜನೆಯಿಂದ ಅರ್ಧಕ್ಕೇ ಎದ್ದು ಹೋಗುವುದು ನಿಮಗೆ ರೂಢಿಯಾಗಿಬಿಟ್ಟಿದೆ. ಇವತ್ತು ಅಧ್ಯಕ್ಷರು ಮಾತು ನಿಲ್ಲಿಸಿ ಕಾಯುತ್ತಾರೆ.

ಅಂಗವಿಕಲ ಮಕ್ಕಳನ್ನು ಒಬ್ಬರೇ ಸಾಕುವವರ ಈ ಸಮಾವೇಶದ ಅಧ್ಯಕ್ಷ ಪೀಠದಲ್ಲಿ ನನ್ನನ್ನು ಕೂರಿಸಿದ್ದಕ್ಕೆ ಒಂದೇ ಕಾರಣವಿದೆ. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಲು ಈ ಸೀಮೆಯ ಮನೆಮನೆ ತಿರುಗಿದವಳು ನಾನು. ಸರ್ಕಾರಿ ಕಾಗದದಲ್ಲಿ ಅದಕ್ಕೆ ಗೃಹಾಧಾರಿತ ಶಿಕ್ಷಣ ಅನ್ನುತ್ತಾರೆ. ಹೋದಲ್ಲೆಲ್ಲ ನಾನು ಬಣ್ಣದ ಮಣಿ, ಚಿತ್ರದ ಕಾರ್ಡು ಹರಡಿ ಕೂತು, ದಿನಾ ಹೀಗೆ ಕೈ ಚಾಚಿಸಿ, ಹೀಗೆ ಕೂರಿಸಿ ಎಂದು ತಾಯಿಗೆ ಹೇಳಿಕೊಡುತ್ತಿದ್ದೆ. ಆಕೆ ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು. ನಾನು ಚೀಲ ಕಟ್ಟುವ ಹೊತ್ತಿಗೆ ಬಾಗಿಲಲ್ಲಿ ನಿಂತು ಒಂದು ಮಾತು ಕೇಳುತ್ತಿದ್ದಳು: "ಅದೆಲ್ಲಾ ಖರೇ ಅಕ್ಕೋರ. ನಾ ಹೊಲಕ್ಕ ಹೋದಾಗ ಕೂಸಿನ್ನ ಯಾರ ಬಲ್ಲಿ ಬಿಡ್ಲಿ?"

ಮನೆ ಬದಲಾಗುತ್ತಿತ್ತು, ಪ್ರಶ್ನೆ ಬದಲಾಗಲಿಲ್ಲ. ಇಂದಿನ ನನ್ನ ಮಾತೆಲ್ಲ ಅದರ ಸುತ್ತಲೇ.

ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಒಂದು ಮನೆಗೆ ಹೋಗಿದ್ದೆ. ಹನ್ನೊಂದು-ಹನ್ನೆರಡರ ಹುಡುಗ. ಹುಟ್ಟಿದ ಕೂಡಲೇ ಅಳಲಿಲ್ಲ, ಆಮೇಲೆ ಕುತ್ತಿಗೆ ನಿಲ್ಲಲಿಲ್ಲ, ಮಾತು ಬರಲಿಲ್ಲ. ನಿಮ್ಮಲ್ಲಿ ಎಷ್ಟೋ ಮಂದಿ ಹೇಳುವ ಕಥೆಯೇ ಅದು. ಅಪ್ಪ ಬೆಂಗಳೂರಿಗೆ ದುಡಿಯಲು ಹೋದವನು ಮೊದಮೊದಲು ರೊಕ್ಕ ಕಳಿಸಿದ, ಆಮೇಲೆ ಫೋನ್ ನಂಬರೇ ಬದಲಾಯಿತು. ಹುಡುಗನ ಕಾಲಿಗೆ ಹಳೇ ಸೀರೆಯ ಪಟ್ಟಿ ಸುತ್ತಿ ಹೊರಸಿನ ಕಾಲಿಗೆ ಕಟ್ಟಿತ್ತು. ಪಕ್ಕದಲ್ಲಿ ನೀರಿನ ಚಂಬು, ಕೈಗೆ ಎಟುಕುವಷ್ಟರಲ್ಲಿ ಮುರಿದ ರೊಟ್ಟಿ. ತಾಯಿ ಸಂಜೆ ಬಂದಳು. ನನ್ನನ್ನು ಕಂಡು ಮೊದಲು ಮಾಡಿದ್ದು ಆ ಗಂಟು ಬಿಚ್ಚುವ ಕೆಲಸ, ಅದೂ ಕಳವು ಸಿಕ್ಕವಳ ಹಾಗೆ ತಲೆ ತಗ್ಗಿಸಿ. ಬಿಚ್ಚುವಾಗ ನೋಡಿದೆ: ಚರ್ಮ ಕೆರೆಯದಂತೆ ಪಟ್ಟಿಯ ಒಳಗೆ ಹತ್ತಿ ಇಟ್ಟಿದ್ದಳು. ಹಿಂದೊಮ್ಮೆ ಕಟ್ಟದೇ ಹೋಗಿದ್ದಾಗ ಹುಡುಗ ತೆವಳಿಕೊಂಡು ಒಲೆಯ ತನಕ ಹೋಗಿದ್ದನಂತೆ.

ಇದನ್ನು ಪಟ್ಟಣದ ಸಭೆಯಲ್ಲಿ ಹೇಳಿದರೆ ಕ್ರೌರ್ಯ ಅನ್ನುತ್ತಾರೆ. ನನಗೆ ಅದು ಲೆಕ್ಕಾಚಾರವಾಗಿ ಕಂಡಿತು. ಮನೆಯಲ್ಲಿ ಕೂತರೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಇಬ್ಬರಿಗೂ ಊಟ ಇಲ್ಲ. ಇಬ್ಬರಿರುವ ಮನೆಯಲ್ಲಿ ಒಬ್ಬರು ದುಡಿಯಬಹುದು, ಒಬ್ಬರು ನೋಡಿಕೊಳ್ಳಬಹುದು. ಒಬ್ಬಳೇ ಇದ್ದಲ್ಲಿ ಆ ಎರಡನೆಯವರ ಕೆಲಸವನ್ನು ಸೀರೆಯ ಪಟ್ಟಿ ಮಾಡುತ್ತದೆ.

ಈಗ ಒಬ್ಬರೇ ಸಾಕುವವರು ಅಂದರೆ ಯಾರು? ಕಚೇರಿಗೆ ಗೊತ್ತಿರುವುದು ವಿಧವೆ. ಆಕೆಗೆ ತಿಂಗಳಿಗೆ ₹800. ಆಮೇಲೆ ಮನಸ್ವಿನಿ ಯೋಜನೆ: ಮದುವೆಯಾಗದವರಿಗೆ, ವಿಚ್ಛೇದನ ಪಡೆದವರಿಗೆ, ಅದೂ 40 ವರ್ಷ ತುಂಬಿದ ಮೇಲೆ. ನಮ್ಮ ಕಡೆ ಬಾಲ್ಯವಿವಾಹ ಇನ್ನೂ ನಿಂತಿಲ್ಲ. ಹದಿನೇಳಕ್ಕೆ ತಾಯಿಯಾಗಿ ಇಪ್ಪತ್ತೆರಡಕ್ಕೆ ಗಂಡ ಬಿಟ್ಟು ಹೋದವಳು, ಕೋರ್ಟಿನ ಮೆಟ್ಟಿಲು ಹತ್ತದವಳು, ಯಾವ ಅರ್ಜಿ ತುಂಬಬೇಕು? ಗೃಹಲಕ್ಷ್ಮಿಯ ₹2,000 ಪಡಿತರ ಚೀಟಿಯ ಯಜಮಾನಿಗೆ ಬರುತ್ತದೆ. ಇವಳ ಹೆಸರು ಇನ್ನೂ ಅತ್ತೆಯ ಚೀಟಿಯಲ್ಲಿದೆ, ಇವಳು ಇರುವುದು ತವರಿನ ಪಡಸಾಲೆಯಲ್ಲಿ. ದೇವದಾಸಿ ಪದ್ಧತಿಯನ್ನು ನಿಷೇಧಿಸಿ 1982ರಲ್ಲೇ ಕಾಯ್ದೆ ಬಂದರೂ, ಆ ತಾಯಂದಿರ ಮಕ್ಕಳ ಅರ್ಜಿಯಲ್ಲಿ "ತಂದೆಯ ಹೆಸರು" ಎಂಬ ಖಾಲಿ ಗೆರೆ ದಶಕಗಟ್ಟಲೆ ಕಾಡಿದೆ.

ಇನ್ನು ಅಜ್ಜಿಯರು. ಗುಳೆ ಹೋಗುವ ಜಿಲ್ಲೆ ನಮ್ಮದು. ಮಗ-ಸೊಸೆ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡಗಳ ಕೆಳಗೆ ಪತ್ರಾಸಿನ ಶೆಡ್ಡಿನಲ್ಲಿರುತ್ತಾರೆ. ನಡೆಯುವ ಮಕ್ಕಳನ್ನು ಜತೆಗೆ ಕರೆದೊಯ್ಯುತ್ತಾರೆ, ನಡೆಯಲಾಗದ್ದನ್ನು ಅಜ್ಜಿಯ ಬಳಿ ಬಿಡುತ್ತಾರೆ. ತಪ್ಪು ಹುಡುಕುತ್ತಿಲ್ಲ, ಮೂರನೇ ಅಂತಸ್ತಿನ ಸೆಂಟ್ರಿಂಗ್ ಮೇಲೆ ಆ ಕೂಸನ್ನು ಎಲ್ಲಿ ಇಡುತ್ತಾರೆ? ಆದರೆ ಅಜ್ಜಿಗೆ ಅರವತ್ತೈದು, ಹುಡುಗನಿಗೆ ಹದಿನಾಲ್ಕು, ಎತ್ತಿ ಬಚ್ಚಲಿಗೆ ಒಯ್ಯಬೇಕು. ಯಾವ ಫಾರ್ಮಿನಲ್ಲೂ ಆಕೆ ಪಾಲಕಿಯಲ್ಲ. ನನ್ನ ಮಟ್ಟಿಗೆ ಈ ಸಮಾವೇಶದ ಮೊದಲ ಪ್ರತಿನಿಧಿ ಆಕೆಯೇ.

ಪಾಲಕತ್ವದ ಜಗಳ ಈ ನೆಲಕ್ಕೆ ಹೊಸದಲ್ಲ. 1840ರ ದಶಕದಲ್ಲಿ ಸುರಪುರದ ಅರಸ ತೀರಿಕೊಂಡಾಗ, ಎಳೆಯ ಮಗ ವೆಂಕಟಪ್ಪನಾಯಕನ ಪರವಾಗಿ ಆಡಳಿತ ಯಾರದು ಎಂಬ ತಕರಾರು ಹೆತ್ತ ತಾಯಿ ರಾಣಿ ಈಶ್ವರಮ್ಮನನ್ನೂ ಬಿಡಲಿಲ್ಲ. ಅದನ್ನು ಸರಿಪಡಿಸಲೆಂದೇ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ಸುರಪುರಕ್ಕೆ ಬಂದದ್ದು. ಟೇಲರ್ ಕಟ್ಟಿಸಿದ ಬಂಗಲೆಯನ್ನು ನಾವು ಮಕ್ಕಳಿಗೆ ತೋರಿಸುತ್ತೇವೆ, ರಾಣಿಯ ಪಾಡನ್ನು ಹೇಳುವುದಿಲ್ಲ. ಅರಮನೆಯ ಹೆಂಗಸಿಗೇ ಹಾಗಾದರೆ ಬ್ಯಾಂಕಿನ ಕೌಂಟರಿನಲ್ಲಿ ನಿಂತ ನಿಮ್ಮ ಮಾತು ಯಾರು ಕೇಳುತ್ತಾರೆ? "ಗಂಡನ್ನ ಕರಕೊಂಡು ಬಾ" ಎಂಬ ಮಾತು ನಿಮಗೆಲ್ಲ ಬಾಯಿಪಾಠ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯಲ್ಲಿ ಮೊದಲು ತಂದೆ, ಅವನ ನಂತರ ತಾಯಿ ಎಂದು ಬರೆದಿದೆ ನಿಜ. ಆದರೆ 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರದೆ ದೂರ ಉಳಿದಿದ್ದರೆ ತಾಯಿಯೇ ಪಾಲಕಿಯಾಗಬಹುದು ಎಂದಿದೆ. ಆ ಇಸವಿ, ಆ ಹೆಸರು ಎರಡನ್ನೂ ನೆನಪಿಡಿ. ಕೌಂಟರಿನಲ್ಲಿ ಹೇಳಿ.

ತಂದೆ ಒಬ್ಬನೇ ಸಾಕಿದರೆ ಏನಾಗುತ್ತದೆ ಎಂಬುದನ್ನೂ ನೋಡಿ. ಇಂದೋರಿನ ಆದಿತ್ಯ ತಿವಾರಿ ಎಂಬ ಯುವಕ ಡೌನ್ ಸಿಂಡ್ರೋಮ್ ಇರುವ ಮಗುವನ್ನು ಒಬ್ಬನೇ ದತ್ತು ಪಡೆಯಲು ಹೋರಾಡಿ, 2016ರ ಜನವರಿಯಲ್ಲಿ ಮನೆಗೆ ಕರೆತಂದ. ದೊಡ್ಡ ಕೆಲಸ, ಕೈ ಮುಗಿಯಬೇಕು. ದೇಶದ ಪತ್ರಿಕೆಗಳೆಲ್ಲ ಬರೆದವು. 2020ರ ಮಹಿಳಾ ದಿನಕ್ಕೆ ಬೆಂಗಳೂರಿನ ಸಮಾರಂಭವೊಂದರಲ್ಲಿ ಆತನಿಗೆ ಜಗತ್ತಿನ ಅತ್ಯುತ್ತಮ ಅಮ್ಮ ಎಂಬ ಗೌರವವೂ ಸಿಕ್ಕಿತು. ನನಗೆ ಅಸೂಯೆ ಇಲ್ಲ, ನಗು ಬಂತು ಅಷ್ಟೆ. ಅಮ್ಮನ ಕೆಲಸ ಅಮ್ಮನೇ ಮಾಡಿದರೆ ಅದು ಸುದ್ದಿಯಲ್ಲ. ಹಿಂದಿನ ಸಾಲಿನ ತಂದೆಯರೇ, ಹೆಂಡತಿ ತೀರಿಕೊಂಡ ಮೇಲೆ ಮಗಳ ತಲೆ ಬಾಚಿ ಶಾಲೆಗೆ ಹೊತ್ತುಕೊಂಡು ಹೋಗುವವರು ನಿಮ್ಮಲ್ಲೂ ಇದ್ದಾರೆ. ನಿಮಗೂ ಪತ್ರಿಕೆಯವರು ಬರಲಿಲ್ಲ. "ಇನ್ನೊಂದು ಮದಿವಿ ಆಗಿಬಿಡು" ಎಂದವರು ಮಾತ್ರ ಬಂದರು.

ಮಗು ಹೀಗೆ ಹುಟ್ಟಿದ್ದಕ್ಕೆ ತಾಯಿಯ ಮೇಲೆ ಹೊರಿಸುವ ದೂಷಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಿಂಥಣಿ ಮೌನೇಶ್ವರನಿಗೆ, ಮೈಲಾಪುರದ ಮಲ್ಲಯ್ಯನಿಗೆ ಹರಕೆ ಹೊತ್ತವರನ್ನು ನಾನು ಹೀಯಾಳಿಸುವವಳಲ್ಲ. ಬೇರೆ ಬಾಗಿಲೇ ಕಾಣದಾಗ ಜನ ಆ ಬಾಗಿಲಿಗೆ ಹೋಗುತ್ತಾರೆ. ಆದರೆ "ನಿನ್ನ ಕಾಲ್ಗುಣ" ಎಂದು ಸೊಸೆಯನ್ನು ಹೊರಹಾಕುವುದಕ್ಕೆ ಯಾವ ದೇವರ ಅಪ್ಪಣೆಯೂ ಇಲ್ಲ. ಹೆರಿಗೆಯಲ್ಲಿ ಕೂಸಿಗೆ ಉಸಿರು ಸಿಗದಿರುವುದು, ಹುಟ್ಟಿದ ವಾರದಲ್ಲಿ ಏರಿದ ಕಾಮಾಲೆ, ಮೆದುಳು ಜ್ವರ, ರಕ್ತಸಂಬಂಧದ ಮದುವೆಯಲ್ಲಿ ಎರಡೂ ಕಡೆಯಿಂದ ಬರುವ ಕೆಲವು ದೋಷಗಳು: ಕಾರಣಗಳು ಇಂಥವು. ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದವರು ಹಿರಿಯರು. ಶಿಕ್ಷೆ ಮಾತ್ರ ಹುಡುಗಿಗೆ.

ಇನ್ನೂ ಕಷ್ಟದ ವಿಷಯ ಹೆಣ್ಣುಮಕ್ಕಳದು. ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಗಳು ಮೈನೆರೆದ ದಿನದಿಂದ ತಾಯಿಗೆ ಹೊಲದಲ್ಲಿ ಕೈ ಓಡುವುದಿಲ್ಲ. ಬಾಗಿಲಿಗೆ ಬೀಗ ಹಾಕಿ ಹೋದರೂ ಜೀವ ಅಲ್ಲೇ. ಗರ್ಭಕೋಶ ತೆಗೆಸಿಬಿಡಲೇ ಎಂದು ನನ್ನನ್ನು ಕೇಳಿದವರಿದ್ದಾರೆ. 1994ರಲ್ಲಿ ಪುಣೆಯಲ್ಲಿ, ಸರ್ಕಾರಿ ಆಶ್ರಯದಲ್ಲಿದ್ದ ಇಂಥ ಹೆಣ್ಣುಮಕ್ಕಳಿಗೆ ಆ ಶಸ್ತ್ರಚಿಕಿತ್ಸೆ ಮಾಡಿದಾಗ ದೇಶವೇ ಗದ್ದಲ ಎಬ್ಬಿಸಿತ್ತು. ತಾಯಂದಿರೇ, ಅದು ಮುಟ್ಟನ್ನು ನಿಲ್ಲಿಸುತ್ತದೆ, ಕೆಟ್ಟ ಕೈಯನ್ನು ನಿಲ್ಲಿಸುವುದಿಲ್ಲ. ಗರ್ಭ ನಿಲ್ಲುವುದಿಲ್ಲವಾದ್ದರಿಂದ ಆ ಕೈಗೆ ಧೈರ್ಯವೇ ಹೆಚ್ಚಾಗುತ್ತದೆ. ಆಕೆಗೆ ಬೇಕಾದದ್ದು ಹಗಲು ಹತ್ತಾರು ಕಣ್ಣುಗಳ ಎದುರಿಗಿರುವ ಒಂದು ಜಾಗ. ತಿರುಗಿ ಅದೇ ಪ್ರಶ್ನೆಗೆ ಬಂದೆವು ನೋಡಿ.

ಕಾನೂನಿಗೆ ಬರಗಾಲವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಅಂದಿದೆ, ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ತಂದೆ-ತಾಯಿಯಿಂದ ಬೇರ್ಪಡಿಸಬಾರದು ಅಂದಿದೆ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತೂ ಅದರಲ್ಲಿದೆ. ಕೇರಳ 2010ರಲ್ಲೇ ಆಶ್ವಾಸಕಿರಣಂ ಹೆಸರಿನಲ್ಲಿ ನೋಡಿಕೊಳ್ಳುವವರಿಗೆ ಹಣ ಕೊಡಲು ಶುರು ಮಾಡಿತು. ನಮ್ಮ ರಾಜ್ಯ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿಯಂಥ ಕೆಲವು ಸ್ಥಿತಿಗಳಲ್ಲಿ ಆರೈಕೆದಾರರಿಗೆ ತಿಂಗಳಿಗೆ ₹1,000 ಘೋಷಿಸಿದೆ. ಒಳ್ಳೆಯದು. ಬುದ್ಧಿಮಾಂದ್ಯ ಮಗುವನ್ನು, ಆಟಿಸಂ ಇರುವ ಮಗುವನ್ನು ಹಗಲಿರುಳು ಕಾಯುವವಳು ಆರೈಕೆದಾರಳಲ್ಲವೇ? ದೈಹಿಕ ಅಂಗವೈಕಲ್ಯ ಶೇ 75 ದಾಟಿದರೆ ₹1,400 ಪಿಂಚಣಿ ಇದೆ. ಅದು ಮಗುವಿನ ಎಣ್ಣೆ, ಔಷಧಿ, ಬಟ್ಟೆಗೆ ಸರಿಹೋಗುತ್ತದೆ. ತಾಯಿ ಕಳೆದುಕೊಂಡ ಕೂಲಿಯ ಲೆಕ್ಕ ಅದರಲ್ಲಿಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅಂಗವಿಕಲ ಮಗುವಿರುವ ತಾಯಿಗೆ ಶಿಶುಪಾಲನಾ ರಜೆ ನಿರಾಕರಿಸುವಂತಿಲ್ಲ ಎಂದಿತು. ನೌಕರಿಯಲ್ಲಿರುವವರಿಗೆ ಅದು ವರ. ತೊಗರಿ ಕೊಯ್ಯುವವಳು ರಜೆಯನ್ನು ಯಾರಿಗೆ ಬರೆದುಕೊಡಬೇಕು?

ನ್ಯಾಷನಲ್ ಟ್ರಸ್ಟ್ ಕಾಯ್ದೆ 1999ರದು. ಅದರಡಿ ನಿರಾಮಯ ವಿಮೆ ಇದೆ, ಒಂದು ಲಕ್ಷದವರೆಗೆ, ಥೆರಪಿಯ ಖರ್ಚೂ ಸೇರಿ. ಚಿಕ್ಕ ಮಕ್ಕಳಿಗೆ ದಿಶಾ, ಹತ್ತು ದಾಟಿದವರಿಗೆ ವಿಕಾಸ್ ಎಂಬ ಹಗಲು ಕೇಂದ್ರ. ಅಂದರೆ ನೀವು ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗೆ ಉತ್ತರವನ್ನು ದಿಲ್ಲಿಯಲ್ಲಿ ಯಾರೋ ಬರೆದಿಟ್ಟಿದ್ದಾರೆ. ಆದರೆ ಅವು ನಡೆಯುವುದು ನೋಂದಾಯಿತ ಸಂಸ್ಥೆಗಳ ಮೂಲಕ. ಸಂಸ್ಥೆಗಳು ಇರುವುದು ದೊಡ್ಡ ಊರುಗಳಲ್ಲಿ. ಶಕ್ತಿ ಯೋಜನೆಯಿಂದ ನಿಮಗೆ ಬಸ್ ಟಿಕೆಟ್ ಇಲ್ಲ ನಿಜ, ಆದರೆ ಹದಿಮೂರರ ಹುಡುಗನನ್ನು ಹೊತ್ತು ಆ ಮೆಟ್ಟಿಲು ಹತ್ತಿ, ಕೇಂದ್ರಕ್ಕೆ ಮುಟ್ಟಿಸಿ, ತಿರುಗಿ ಬರುವಷ್ಟರಲ್ಲಿ ಹೊಲದ ಕೆಲಸ ಅರ್ಧ ಮುಗಿದಿರುತ್ತದೆ.

ಹಾಗಾಗಿ ಕೇಂದ್ರ ಇಲ್ಲಿಗೇ ಬರಬೇಕು. ಕೂಲಿ ತಾಯಂದಿರಿಗಾಗಿ ಪಂಚಾಯಿತಿಗಳಲ್ಲಿ ಕೂಸಿನ ಮನೆ ಶುರುವಾದಾಗ ನನಗೆ ಬಹಳ ಹಿಗ್ಗಾಗಿತ್ತು. ಅದರ ವಯಸ್ಸಿನ ಮಿತಿ ಮೂರು ವರ್ಷ. ಹನ್ನೆರಡಾದರೂ ಕೂತುಕೊಳ್ಳಲಾಗದ ನಿಮ್ಮ ಮಗು ಲೆಕ್ಕದಲ್ಲಿ ದೊಡ್ಡವನು. ಆ ಒಂದು ಗೆರೆ ಅಳಿಸಲಿ. ಇಂಥ ಮಕ್ಕಳಿಗೆ ವಯಸ್ಸಿನ ಮಿತಿ ಬೇಡ, ತರಬೇತಿ ಪಡೆದ ಇಬ್ಬರು ಹೆಂಗಸರು ಇರಲಿ, ಆ ಇಬ್ಬರನ್ನೂ ಈ ಸಭೆಯಲ್ಲಿ ಕೂತ ತಾಯಂದಿರಿಂದಲೇ ಆರಿಸಲಿ. ಮಗುವಿನ ಬಾಯಿಗೆ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳದಂತೆ ಇಡುವುದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಗ್ರಾಮ ಪಂಚಾಯಿತಿಯ ಹಣದಲ್ಲಿ ಶೇ 5 ವಿಕಲಚೇತನರಿಗೆಂದೇ ಮೀಸಲು. ಆ ಹಣ ತ್ರಿಚಕ್ರ ವಾಹನ ಹಂಚಿ ಫೋಟೋ ತೆಗೆಸಿಕೊಳ್ಳುವುದರಲ್ಲೇ ಕಳೆಯುತ್ತದೆ. ಕುತ್ತಿಗೆ ನಿಲ್ಲದ ಮಗುವಿಗೆ ಕೈಯಿಂದ ತಿರುಗಿಸುವ ಸೈಕಲ್ ಕೊಟ್ಟದ್ದನ್ನು ನಾನು ನೋಡಿದ್ದೇನೆ. ಅದರ ಮೇಲೆ ಆ ಮನೆಯವರು ಮೆಣಸಿನಕಾಯಿ ಒಣಹಾಕಿದ್ದರು.

ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇಲ್ಲಿ ಬಂದಿದ್ದೀರಿ. ನಿಮಗೆ ಸಿಗುವ ಗೌರವಧನ ನನಗೆ ಗೊತ್ತು, ಅದನ್ನು ನೆನೆದೇ ಕೇಳುತ್ತಿದ್ದೇನೆ. ಯುಡಿಐಡಿ ಕಾರ್ಡ್ ಆದವರ ಪಟ್ಟಿ ನಿಮ್ಮ ಬಳಿ ಇದೆ. ಅದರ ಪಕ್ಕ ಇನ್ನೊಂದು ಕಾಲಂ ಎಳೆಯಿರಿ: ಹಗಲು ಈ ಮಗುವಿನ ಜತೆ ಯಾರಿರುತ್ತಾರೆ? ಅದು ತುಂಬಿದ ದಿನ ಯಾವ ಅಧಿಕಾರಿಯೂ ಇಲ್ಲಿ ಬೇಡಿಕೆ ಇಲ್ಲ ಎನ್ನಲಾರ.

"ನಮ್ಮ ಹಿಂದ ಇದಕ್ಕ ಯಾರು?" ಎಂದು ನೀವು ರಾತ್ರಿ ಕೇಳಿಕೊಳ್ಳುವ ಇನ್ನೊಂದು ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಒಂದು ತುಂಡು ಇದೆ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ 18 ತುಂಬಿದ ಮೇಲೆ, ಅಗತ್ಯವಿದ್ದರೆ, ಕಾನೂನುಬದ್ಧ ಪಾಲಕರನ್ನು ನೇಮಿಸುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ. ತಾಯಿಯೂ ಅಲ್ಲಿ ಅರ್ಜಿ ಹಾಕಬೇಕು. ತಮ್ಮ, ತಂಗಿ, ನಂಬಿಕೆಯ ಸೋದರಮಾವ ಯಾರೆಂದು ನಿಮ್ಮ ಕೈಕಾಲು ಗಟ್ಟಿ ಇರುವಾಗಲೇ ಹೇಳಿ ಬರೆಸಿಡಿ. 2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು; ಮೊದಲಿನ ಹಾಗೆ ಇಂಥ ಕೆಲಸಕ್ಕೆ ಕಲಬುರಗಿಗೆ ಹೋಗಬೇಕಿಲ್ಲ.

ಊಟದ ಮೇಲೆ ನಿರ್ಣಯ ಓದುತ್ತಾರೆ. ಅದರಲ್ಲಿ ಈಗ "ಪಾಲಕರು" ಎಂದಷ್ಟೇ ಇದೆ. "ಪಾಲಕರು ಅಥವಾ ಮಗುವನ್ನು ಸಾಕುತ್ತಿರುವ ಅಜ್ಜ-ಅಜ್ಜಿಯರು" ಎಂದು ತಿದ್ದಬೇಕೆಂಬುದು ಅಧ್ಯಕ್ಷಳ ಸೂಚನೆ. ಓದುವಾಗ ನಿಮಗೆ ಬೇರೆ ಏನಾದರೂ ಬಿಟ್ಟುಹೋಗಿದೆ ಅನ್ನಿಸಿದರೆ ಎದ್ದು ನಿಂತು ಹೇಳಿ, ಬರೆಯಲು ಬರದಿದ್ದರೆ ಬರೆದುಕೊಳ್ಳುವವರು ಎಡಗಡೆಯ ಮೇಜಿನ ಬಳಿ ಕೂತಿದ್ದಾರೆ. ಅಲ್ಲಿಯವರೆಗೆ ಮಕ್ಕಳನ್ನು ನೋಡಿಕೊಳ್ಳಲು ಹೈಸ್ಕೂಲಿನ ಹುಡುಗಿಯರು ಒಪ್ಪಿದ್ದಾರೆ. ಯಾರಿಗೆ ಮೂರ್ಛೆ ಬರುತ್ತದೆ, ಯಾರಿಗೆ ಅನ್ನ ಮೆತ್ತಗೆ ಕಲಸಬೇಕು ಎಂಬುದನ್ನು ಅವರಿಗೆ ತಿಳಿಸಿ ಊಟಕ್ಕೆ ಕೂತುಕೊಳ್ಳಿ.